ಕೆರೆಯ ಹಾಡು, ಕೆರೆಯ ಕೆಲಸ: ಸೂಳೆಕೆರೆಯ ನೆಲೆಯಿಂದ ಒಂದು ವಿಚಾರ

ಹಾಡಿನಿಂದ ಜನರನ್ನು ಕೆಲಸಕ್ಕೆ ಎಬ್ಬಿಸಬಹುದೆಂಬ ನಂಬಿಕೆ ಬಹಳ ಹಳೆಯದು. ನೆಲ, ನೀರು, ಕಾಡುಗಳ ರಕ್ಷಣೆಗಾಗಿ ಕಳೆದ ಐವತ್ತು ವರ್ಷಗಳಲ್ಲಿ ನಡೆದ ಚಳುವಳಿಗಳಲ್ಲಿ ಹಾಡಿಗೆ ದೊರೆತ ಸ್ಥಾನವನ್ನು ನೋಡಿದರೆ, ಆ ನಂಬಿಕೆ ಈಗ ಇನ್ನಷ್ಟು ಬಲಗೊಂಡಂತೆ ತೋರುತ್ತದೆ. ಆದರೆ ಯಾವ ಹಾಡು ಯಾವ ಕೆಲಸಕ್ಕೆ ಎಬ್ಬಿಸುತ್ತದೆ, ಎಬ್ಬಿಸಿ ಎಷ್ಟು ದಿನ ಎಚ್ಚರದಲ್ಲಿಟ್ಟಿರುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶಕರು ಕೇಳಿರುವುದು ಕಡಮೆ. ಹಾಡು ಚೆನ್ನಾಗಿದ್ದರೆ ಸಾಕು, ಕೆಲಸ ತಾನಾಗಿಯೇ ಆಗುವುದೆಂದು ಭಾವಿಸಿದಂತಿದೆ. ಈ ಭಾವನೆಯನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಕೆರೆಯನ್ನು ಕುರಿತ ಎರಡು ಕನ್ನಡ ಕಥನಗೀತೆಗಳನ್ನು ಎದುರುಬದುರಾಗಿಟ್ಟು, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಒರೆಗಲ್ಲಾಗಿ ಇಟ್ಟುಕೊಂಡು, ನಾವು ಈ ವಿಚಾರವನ್ನು ಮಾಡಬೇಕೆಂದಿದ್ದೇವೆ. ನಾವು ಚರಿತ್ರೆಯನ್ನು ಬೋಧಿಸುವವರು. ಸಂಗೀತಶಾಸ್ತ್ರದ ಸೂಕ್ಷ್ಮಗಳನ್ನು ಬಲ್ಲವರು ಇಲ್ಲಿ ರಾಗತಾಳಗಳ ಚರ್ಚೆಯನ್ನು ನಿರೀಕ್ಷಿಸಬಾರದು.

ಸೂಳೆಕೆರೆಯ ಪರಿಚಯವನ್ನು ಚನ್ನಗಿರಿಯ ಕಡೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಈ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಸೇರಿದ್ದಿತು. ತಾಲ್ಲೂಕಿನ ನಡುವೆ, ಎರಡು ಗುಡ್ಡಗಳು ಹತ್ತಿರ ಬರುವ ಕಡೆ, ಒಂದು ಏರಿಯನ್ನು ಹಾಕಿ ನೀರನ್ನು ತಡೆದಿದ್ದಾರೆ. ಏರಿ ಉದ್ದವಲ್ಲ, ಅದರ ಅಗಲವನ್ನೂ ಎತ್ತರವನ್ನೂ ಗಟ್ಟಿತನವನ್ನೂ ಕಂಡು ಬ್ರಿಟಿಷರ ಕಾಲದ ಗ್ಯಾಸೆಟಿಯರುಗಳೇ ಬೆರಗುಪಟ್ಟಿವೆ. ಸಿದ್ಧ, ಬಸವ ಎಂಬ ಹೆಸರಿನ ಎರಡು ತೂಬುಗಳು. ಅವುಗಳ ಹೆಸರಿನವೇ ಆದ ಎರಡು ನಾಲೆಗಳು. ಇಲ್ಲಿಂದ ಹೊರಡುವ ಹರಿದ್ರಾ ಎಂಬ ಹೊಳೆ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ನೀರು ನಿಲ್ಲುವ ವಿಸ್ತಾರ ಸುಮಾರು 6,550 ಎಕರೆ ಎಂದು ಹೇಳುತ್ತಾರೆ. ವಾಣೀವಿಲಾಸ ಸಾಗರ 1907ರಲ್ಲಿ ಮುಗಿದ ಮೇಲೆ ಇದು ಹಳೆಯ ಮೈಸೂರು ಸಂಸ್ಥಾನದಲ್ಲಿ ಎರಡನೆಯ ಸ್ಥಾನಕ್ಕೆ ಇಳಿಯಿತು. ಅದಕ್ಕೆ ಮೊದಲು ಇದಕ್ಕೆ ಎಣೆಯಿರಲಿಲ್ಲ. ಇಂದು ಗದ್ದೆ ತೋಟಗಳಿಗೆ ಮಾತ್ರವಲ್ಲದೆ ಚಿತ್ರದುರ್ಗದ ಪಟ್ಟಣದವರ ಕುಡಿಯುವ ನೀರಿಗೂ ಈ ಕೆರೆ ಆಧಾರವಾಗಿದೆ. ಹೂಳು ತುಂಬುತ್ತಿದೆ, ಅಂಚು ಒತ್ತುವರಿಯಾಗುತ್ತಿದೆ ಎಂಬ ಎರಡು ದೂರುಗಳೂ ಬಹುಕಾಲದಿಂದ ಕೇಳಿಬರುತ್ತಿವೆ. ಆದುದರಿಂದ ಇಲ್ಲಿ ಹಾಡಿನ ಪ್ರಯೋಜನವನ್ನು ವಿಚಾರಿಸುವುದು ಬರಿಯ ಸಾಹಿತ್ಯಚರ್ಚೆಯಲ್ಲ.

ಈ ಕೆರೆಗೆ ಒಂದು ಕಥೆಯಿದೆ. ಇಲ್ಲಿ ಮೊದಲು ಸ್ವರ್ಗಾವತಿ ಎಂಬ ಪಟ್ಟಣವಿದ್ದಿತೆಂದೂ, ಅಲ್ಲಿಯ ಅರಸನ ಮಗಳು ಶಾಂತವ್ವ ತನ್ನ ಮೇಲೆ ಬಂದ ಅಪವಾದವನ್ನು ಕಳೆದುಕೊಳ್ಳಲು ಕೆರೆಯನ್ನು ಕಟ್ಟಿಸಿದಳೆಂದೂ, ತಂದೆ ಅವಳನ್ನು ಬೈದ ಮಾತೇ ಕೆರೆಗೆ ಹೆಸರಾಗಿ ನಿಂತಿತೆಂದೂ ಒಂದು ಪಾಠ. ನೆಲವನ್ನು ಬಿಟ್ಟುಕೊಟ್ಟ ಗಣಿಕೆಯರ ಷರತ್ತಿನಂತೆ ಆ ಹೆಸರು ಬಂದಿತೆಂದು ಇನ್ನೊಂದು ಪಾಠ. ಕಾಲವನ್ನು ಸಾಮಾನ್ಯವಾಗಿ 11 ಅಥವಾ 12ನೆಯ ಶತಮಾನವೆಂದು ಹೇಳುವುದುಂಟು. ಕಥೆಯ ಚಾರಿತ್ರಿಕತೆಯನ್ನು ಕುರಿತು ನಾವು ವಾದಕ್ಕೆ ಇಳಿಯುವುದಿಲ್ಲ. ಹೆಸರು ಸಭ್ಯವಲ್ಲವೆಂದು ಈಚಿನವರು ಕೆರೆಯನ್ನು ಶಾಂತಿಸಾಗರವೆಂದು ಕರೆದಿದ್ದಾರೆ. ಒಬ್ಬಳು ಹೆಂಗಸಿಗೆ ಬಂದ ಅಪವಾದವನ್ನು ನೆನಪಿನಲ್ಲಿಟ್ಟ ಹೆಸರನ್ನು ಅಳಿಸುವುದರಿಂದ ಅವಳಿಗೆ ಯಾವ ಉಪಕಾರವಾಯಿತೋ ತಿಳಿಯದು. ಊರಿನವರ ಬಾಯಲ್ಲಂತೂ ಹಳೆಯ ಹೆಸರೇ ಉಳಿದಿದೆ. ನಾವು ಇಲ್ಲಿ ಗಮನಿಸಬೇಕಾದುದು ಬೇರೆ. ಶಾಂತವ್ವನ ಕಥೆ ಕೆರೆ ಕಟ್ಟಿದಲ್ಲಿಗೆ ಮುಗಿದುಹೋಗುತ್ತದೆ. ಕಟ್ಟಿದ ಮೇಲೆ ಎಂಟುನೂರು ವರ್ಷ ಅದನ್ನು ಕಾದವರು ಯಾರು, ತೂಬನ್ನು ಎತ್ತಿದವರು ಯಾರು, ಏರಿಯ ಮೇಲೆ ಬೆಳೆದ ಗಿಡವನ್ನು ಕಿತ್ತವರು ಯಾರು ಎಂಬುದು ಕಥೆಯ ಹೊರಗೆ ಉಳಿದಿದೆ.

ಇದು ಸೂಳೆಕೆರೆಯ ಕಥೆಯೊಂದರದೇ ಲಕ್ಷಣವಲ್ಲ. ಕನ್ನಡ ನಾಡಿನ ಕೆರೆಯ ಹಾಡುಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದ 'ಕೆರೆಗೆ ಹಾರ'ವನ್ನು ತೆಗೆದುಕೊಳ್ಳೋಣ. ಕಲ್ಲನಕೇರಿಯ ಮಲ್ಲನಗೌಡ ಕೆರೆಯನ್ನು ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಜೋಯಿಸರನ್ನು ಕೇಳಿದಾಗ ಮನೆಯ ಸೊಸೆಯೊಬ್ಬಳನ್ನು ಹಾರವಾಗಿ ಕೊಡಬೇಕೆಂಬ ಮಾತು ಹುಟ್ಟುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲವೆಂದು ಕಿರಿಯ ಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಆಕೆ ತವರಿಗೆ ಹೋಗುತ್ತಾಳೆ. ತಂದೆತಾಯಿಗಳಿಗೆ ನಿಜವನ್ನು ಹೇಳದೆ, ಗೆಳತಿಗೆ ಮಾತ್ರ ಹೇಳಿ, ಹಿಂದಿರುಗಿ ಬರುತ್ತಾಳೆ. ಪೂಜೆ ಮುಗಿದ ಮೇಲೆ ಮರೆತುಬಂದ ಪಾತ್ರೆಯನ್ನು ತರುವ ನೆವದಿಂದ ಅವಳೊಬ್ಬಳೇ ಕೆರೆಗೆ ಇಳಿಯುತ್ತಾಳೆ. ಮೆಟ್ಟಿಲು ಮೆಟ್ಟಿಲಾಗಿ ನೀರು ಏರುತ್ತದೆ. ದಂಡಿಗೆ ಹೋಗಿದ್ದ ಗಂಡ ಮಾದೇವರಾಯ ತಿರುಗಿ ಬಂದು ಅದೇ ನೀರಿಗೆ ಬೀಳುತ್ತಾನೆ.

ಕಾವ್ಯವಾಗಿ ಇದರ ಮೇಲ್ಮೆಯನ್ನು ಯಾರೂ ಅಲ್ಲಗಳೆಯಲಾರರು. ಇಷ್ಟು ಕಡಮೆ ಮಾತಿನಲ್ಲಿ ಇಷ್ಟು ದೊಡ್ಡ ಅನ್ಯಾಯವನ್ನು ಹೇಳಿದ ಕೃತಿ ನಮ್ಮ ಶಿಷ್ಟಸಾಹಿತ್ಯದಲ್ಲಿಯೂ ವಿರಳ. ನಮ್ಮ ತಕರಾರು ಕೃತಿಯ ಮೇಲೆ ಅಲ್ಲ, ಅದನ್ನು ಬಳಸುವ ರೀತಿಯ ಮೇಲೆ. ಪಠ್ಯಪುಸ್ತಕಗಳಲ್ಲಿ ಓದಿಸಿ, ಶಾಲೆ ಕಾಲೇಜುಗಳ ವೇದಿಕೆಗಳಲ್ಲಿ ಗೀತರೂಪಕವಾಗಿ ಆಡಿಸಿ, ಕೊನೆಗೆ 'ಲೋಕಕಲ್ಯಾಣಕ್ಕಾಗಿ ಪ್ರಾಣವನ್ನು ಅರ್ಪಿಸಿದ ಮಹಾತಾಯಿ' ಎಂದು ಭಾಷಣ ಮಾಡುವುದು ರೂಢಿಯಾಗಿದೆ. ಜಲಸಂರಕ್ಷಣೆಯ ಸಭೆಗಳಿಗೂ ಈ ಹಾಡು ತಕ್ಕದ್ದೆಂದು ಬಗೆಯುವವರಿದ್ದಾರೆ. ಹಾಗೆ ಬಗೆಯುವವರು ಒಂದನ್ನು ಮರೆಯುತ್ತಾರೆ. ಭಾಗೀರಥಿಯನ್ನು ಯಾರೂ ಕೇಳಲಿಲ್ಲ. ನೀರಿನ ಬೆಲೆಯನ್ನು ಮನೆಯಲ್ಲಿ ಎಲ್ಲರಿಗಿಂತ ಕಡಮೆ ಬಲವುಳ್ಳವಳ ತಲೆಯ ಮೇಲೆ ಹೇರಿ, ಉಳಿದವರು ಮನೆಗೆ ಹೋದರು. ಈ ಹಾಡನ್ನು ಕೇಳಿ ಕಣ್ಣೀರಿಟ್ಟ ಸಭಿಕನೂ ಅಷ್ಟನ್ನೇ ಮಾಡುತ್ತಾನೆ: ಅತ್ತು, ಮನೆಗೆ ಹೋಗುತ್ತಾನೆ. ಬಲಿ ಕೊಟ್ಟಾಗಿದೆ, ನೀರು ಬಂದಾಗಿದೆ, ಅವನು ಮಾಡಬೇಕಾದುದೇನೂ ಉಳಿದಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರುವುದು ಸಹಜ, ಅದು ತೂಕವುಳ್ಳ ಆಕ್ಷೇಪವೂ ಹೌದು. ಈ ಹಾಡನ್ನು ಕಾಪಾಡಿಕೊಂಡು ಬಂದವರು ಹೆಂಗಸರು. ಅವರು ಬಲಿಯನ್ನು ಕೊಂಡಾಡಲು ಹಾಡಲಿಲ್ಲ, ಬಲಿ ಕೊಟ್ಟವರನ್ನು ಕಟಕಟೆಗೆ ನಿಲ್ಲಿಸಲು ಹಾಡಿದರು ಎನ್ನಬಹುದು. ಹಿರಿಯ ಸೊಸೆಯನ್ನು ಬಿಟ್ಟುದಕ್ಕೆ ಕೊಡುವ ಕಾರಣ, ಪಾತ್ರೆಯ ನೆವ, ತಂದೆತಾಯಿಗಳೆದುರಿಗೆ ಕಟ್ಟಿದ ಬಾಯಿ, ಇವೆಲ್ಲವೂ ಆರೋಪಪಟ್ಟಿಯ ಕಲಮುಗಳಂತೆಯೇ ಇವೆ. ನಾವು ಈ ವಾಚನವನ್ನು ಒಪ್ಪುತ್ತೇವೆ. ಒಪ್ಪಿದರೆ ಹಾಡಿನ ನಿಜವಾದ ಉಪಯೋಗವೂ ಬದಲಾಗುತ್ತದೆ. ಅಣೆಕಟ್ಟೆಗೋ ಕಾಲುವೆಗೋ ಯಾರ ಊರು ಮುಳುಗಬೇಕು, ಯಾರ ಹೊಲ ಹೋಗಬೇಕು, ಅವರನ್ನು ಯಾರಾದರೂ ಕೇಳಿದರೇ ಎಂಬ ಪ್ರಶ್ನೆ ಎದ್ದಾಗ ಹಾಡಬೇಕಾದ ಹಾಡು ಇದು. ಕೆರೆಯ ಹೂಳೆತ್ತಿ ಬನ್ನಿರೆಂದು ಕರೆಯುವುದಕ್ಕೆ ಇದನ್ನು ಹಾಡಿದರೆ, ಹಾಡಿಗೂ ಅನ್ಯಾಯ, ಕೆರೆಗೂ ಅನ್ಯಾಯ.

ಹಾಡು ಮರೆತುದನ್ನು ಕಲ್ಲು ನೆನಪಿಟ್ಟಿದೆ. ನಮ್ಮ ಶಾಸನಗಳನ್ನು ಓದಿದವರಿಗೆ ಕೆರೆಗೊಡಗೆ, ಕಟ್ಟುಗೊಡಗೆ, ಬಿತ್ತುವಟ್ಟ, ದಶವಂದ ಎಂಬ ಮಾತುಗಳು ಪರಿಚಿತವಾದುವು. ಇವುಗಳ ಅರ್ಥದಲ್ಲಿ ಪ್ರದೇಶದಿಂದ ಪ್ರದೇಶಕ್ಕೆ ಭೇದವಿದ್ದರೂ, ಕೆರೆಯನ್ನು ಕಟ್ಟಿದವನಿಗೆ ಅಥವಾ ಕಾಯುವವನಿಗೆ ಭೂಮಿಯನ್ನೋ ಹುಟ್ಟುವಳಿಯ ಭಾಗವನ್ನೋ ಬಿಟ್ಟುಕೊಡುವ ಏರ್ಪಾಡು ಇವುಗಳ ತಿರುಳು. ಕೆರೆಯ ಹೂಳನ್ನು ಸಾಗಿಸುವ ಬಂಡಿಗೆ, ಅದನ್ನೆಳೆಯುವ ಕೋಣಗಳಿಗೆ, ಹೊಡೆಯುವ ಆಳಿಗೆ ಎಂದು ದತ್ತಿ ಬಿಟ್ಟ ಶಾಸನಗಳೂ ಇವೆ. ಕೋಣಕ್ಕೆ ಮೇವು ಎಲ್ಲಿಂದ ಬರಬೇಕೆಂಬುದನ್ನು ಕಲ್ಲಿನಲ್ಲಿ ಕೊರೆದವರು ಭಾವುಕರಲ್ಲ. ಈಗಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ, ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ ಸಂಸ್ಕೃತ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಎಂದು ಲೆಕ್ಕ ಒಪ್ಪಿಸುತ್ತದೆ. ಅಲ್ಲದೆ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಸಂಸ್ಕೃತ ಶ್ಲೋಕದ ಅಭಿಪ್ರಾಯವೇನೆಂದರೆ, ಕೊಡುವುದಕ್ಕಿಂತ ಕೊಟ್ಟದ್ದನ್ನು ಪಾಲಿಸುವುದೇ ಹೆಚ್ಚಿನ ಪುಣ್ಯ. ಈ ಮಾತು ಊರೂರಿನ ಕಲ್ಲುಗಳ ಮೇಲಿದ್ದರೂ ಹಾಡಿಗೆ ಇಳಿದುಬರಲಿಲ್ಲ. 15ನೆಯ ಶತಮಾನದ ಆರಂಭದ ಹಂಪೆಯ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ ತಾಯಿ ಮಗುವಿಗೆ ಹಾಲೂಡುವಾಗಲೇ ಕಿವಿಯಲ್ಲಿ ಕೆರೆ, ಬಾವಿ, ದೇವಾಲಯಗಳ ಮಾತನ್ನು ಉಸಿರಿದಳೆಂದು ಹೇಳಿದೆ. ಜೋಗುಳದ ನೆರೆಯಲ್ಲಿ ನಿಲ್ಲುವ ಈ ಉಪದೇಶ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಆದರೆ ಆ ತಾಯಿಯೂ ಕಟ್ಟೆಂದೇ ಹೇಳುತ್ತಾಳೆ. ಕಟ್ಟಿರುವ ಕೆರೆಯ ಹೂಳೆತ್ತೆಂದು ಹೇಳುವುದಿಲ್ಲ.

ಇಲ್ಲಿ ಎರಡನೆಯ ಹಾಡನ್ನು ತರೋಣ. ಮದಗದ ಕೆರೆಗೆ ಮಾಯದ ಮಳೆ ಬಂದುದನ್ನು ಹೇಳುವ ಗೀತೆ ಇಂದು ಸುಗಮ ಸಂಗೀತದ ವೇದಿಕೆಗಳಲ್ಲಿಯೂ ಮೊಳಗುತ್ತಿದೆ. ಮದಗವೆಂಬ ಹೆಸರೂ ಕೆಂಚಮ್ಮನ ಕಥೆಯೂ ಕಡೂರಿನ ಕಡೆಯ ಕೆರೆಗೂ ಮಾಸೂರಿನ ಕಡೆಯ ಕೆರೆಗೂ ಇವೆ. ಹಾಡು ಯಾವುದರ ಸ್ವತ್ತೆಂಬ ಜಗಳವನ್ನು ಆಯಾ ಊರಿನವರಿಗೇ ಬಿಡುವುದು ಕ್ಷೇಮ. ಹಾಡಿನ ಸಂದರ್ಭ ಸರಳವಾಗಿದೆ. ಮಳೆ ಬಂದು ಕೆರೆ ತುಂಬಿದೆ, ಏರಿ ಒಡೆಯುವಂತಿದೆ. ತುಂಬಿದ ಗಂಗೆಯೇ ಬಾಯಿಬಿಟ್ಟು, ತಾನು ಇನ್ನು ನಿಲ್ಲುವವಳಲ್ಲವೆಂದು, ಏರಿಯ ಮೇಲಿರುವ ಬಲ್ಲಾಳರಾಯನನ್ನೂ ಕೆರೆಯ ಒಳಗಿರುವ ಬೆಸ್ತರ ಹುಡುಗನನ್ನೂ ಕರೆದು, ಓಡಿ ಸುದ್ದಿ ಕೊಡಿರೆಂದು ಹೇಳುತ್ತಾಳೆ. ಆಮೇಲೆ ಬರುವುದು ಲೆಕ್ಕ: ಒಡ್ಡರೆಂದು ಹಾಡು ಕರೆಯುವ ಮಣ್ಣುಕೆಲಸದ ಜನರನ್ನು ಸಾವಿರಗಟ್ಟಲೆ ಕರೆಸುವುದು, ಗುದ್ದಲಿಗಳನ್ನು ಸಾವಿರಗಟ್ಟಲೆ ತರಿಸುವುದು.

ಈ ಎರಡು ಹಾಡುಗಳ ನಡುವಣ ಅಂತರವನ್ನು ನಮ್ಮ ವಿಮರ್ಶೆ ಸಾಕಷ್ಟು ಗುರುತಿಸಿಲ್ಲವೆಂದು ನಮ್ಮ ಅಭಿಪ್ರಾಯ. ಮೊದಲನೆಯದರಲ್ಲಿ ನೀರು ಮೂಕ. ಜೋಯಿಸ ಅದರ ಪರವಾಗಿ ಮಾತನಾಡುತ್ತಾನೆ. ಎರಡನೆಯದರಲ್ಲಿ ನೀರೇ ಮಾತನಾಡುತ್ತದೆ, ಮತ್ತು ಮುನ್ನೆಚ್ಚರಿಕೆಯನ್ನು ಕೊಡುತ್ತದೆ. ಮೊದಲನೆಯದರಲ್ಲಿ ಒಬ್ಬಳು ಸಾಯಬೇಕು. ಎರಡನೆಯದರಲ್ಲಿ ಮೊಟ್ಟಮೊದಲು ಒಬ್ಬ ಹುಡುಗ ಓಡಬೇಕು. ಅವನು ಅರಸನಲ್ಲ, ಗೌಡನಲ್ಲ. ಕೆರೆಯ ಒಳಗೆ ದಿನವೂ ಇರುವವನು, ಆದುದರಿಂದ ಮೊದಲು ತಿಳಿದವನು. ಆಮೇಲೆ ಬೇಕಾಗುವುದು ಗುದ್ದಲಿ. ಬಲಿಯ ನೆರಳು ಈ ಹಾಡಿಗೂ ಬೀಳದೆ ಇಲ್ಲ. ಕುರಿಗಳ ಲೆಕ್ಕವೂ ಕೆಲವು ಪಾಠಗಳಲ್ಲಿದೆ, ಕೆಂಚಮ್ಮನ ಕಥೆಯಂತೂ ಹಿಂದೆ ಇದ್ದೇ ಇದೆ. ಆದರೂ ಹಾಡಿನ ಹೆಜ್ಜೆ ಓಟದ ಹೆಜ್ಜೆ. ಅದನ್ನು ಕೇಳಿದವನಿಗೆ ಕೂತಿರಲು ಆಗುವುದಿಲ್ಲ. ಈಗಿನ ಗಾಯಕರು ವಾದ್ಯಗಳ ಅಬ್ಬರದಲ್ಲಿ ಇದನ್ನು ಕುಣಿತದ ಹಾಡಾಗಿ ಮಾಡಿದ್ದಾರೆ. ಸಭಿಕರು ಚಪ್ಪಾಳೆಯಿಂದ ತಾಳ ಹಾಕುತ್ತಾರೆ. ಏರಿ ಒಡೆಯುತ್ತಿದೆಯೆಂಬ ಸುದ್ದಿಗೆ ಚಪ್ಪಾಳೆ ಹಾಕುತ್ತಿದ್ದೇವೆಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಹಾಡಿನಿಂದ ಜನ ನಿಜವಾಗಿ ಎದ್ದ ಸಂದರ್ಭಗಳನ್ನು ಈಗ ನೋಡಬಹುದು. 1973ರಲ್ಲಿ ಹಿಮಾಲಯದ ಗಢವಾಲದಲ್ಲಿ ಆರಂಭವಾದ ಚಿಪ್ಕೊ ಚಳುವಳಿಗೆ ಘನಶ್ಯಾಮ ರತೂಡಿ 'ಶೈಲಾನಿ' ಎಂಬ ಜನಪದ ಕವಿ ಹಾಡುಗಳನ್ನು ಕಟ್ಟಿದ. ಊರಿಂದ ಊರಿಗೆ ಚಳುವಳಿಯ ವಿಷಯ ಹಬ್ಬಲು ಅವು ಸಾಧನವಾದುವು. ಅದರ ಪ್ರೇರಣೆಯಿಂದ 1983ರ ಸೆಪ್ಟೆಂಬರ್ 8ರಂದು ಶಿರಸಿಯ ಬಳಿಯ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೊ ಎಂದು ಹೆಸರಾದ ಈ ಚಳುವಳಿ ಪಾದಯಾತ್ರೆಯ ಜೊತೆಗೆ ಯಕ್ಷಗಾನವನ್ನೂ ಜನಪದ ಹಾಡು ಕುಣಿತಗಳನ್ನೂ ಬಳಸಿಕೊಂಡಿತು. ಯಕ್ಷಗಾನ ಆ ಸೀಮೆಯವರ ರಕ್ತದಲ್ಲಿರುವ ಕಲೆ. ಅದನ್ನು ಹೊರಗಿನಿಂದ ತರಬೇಕಾಗಿರಲಿಲ್ಲ. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳನ್ನು ಅವರು ಆರಿಸಿಕೊಂಡದ್ದೂ ಗಮನಾರ್ಹ. ಮೂರೂ ಒಂದೇ ಅಚ್ಚಿನ ಕ್ರಿಯಾಪದಗಳು, ಹೆಜ್ಜೆಗೆ ಹೊಂದುವ ಮಾತುಗಳು.

ನಮ್ಮ ತಾಲ್ಲೂಕಿಗೆ ಇನ್ನೂ ಹತ್ತಿರದ ಉದಾಹರಣೆಯೆಂದರೆ 1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ನಡೆದ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ. ಹರಿಹರದ ಕಾರ್ಖಾನೆಗೆ ನೀಲಗಿರಿ ಮರವನ್ನು ಒದಗಿಸಲೆಂದು ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಗೆ ಹಳ್ಳಿಗರ ಗೋಮಾಳ ಕಾವಲುಗಳನ್ನು ಒಪ್ಪಿಸಲಾಗಿತ್ತು. ಆ ಭೂಮಿ ಹರಡಿದ್ದ ಜಿಲ್ಲೆಗಳಲ್ಲಿ ಅಂದಿನ ಶಿವಮೊಗ್ಗವೂ ಒಂದು. ಜನ ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಹಣ್ಣಿನ, ಮೇವಿನ ಗಿಡಗಳನ್ನು ನೆಟ್ಟರು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಇದರ ಮುಂದಾಳು. ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಒಬ್ಬರು. 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚುವ ತೀರ್ಮಾನಕ್ಕೆ ಬಂದಿತು. ಇಲ್ಲಿ ಚಳುವಳಿಯ ಹೆಸರೇ ಅರ್ಧ ಹಾಡು: ಒಂದು ಕೈ ಕೀಳುವುದು, ಒಂದು ಕೈ ಹಚ್ಚುವುದು. ಬೇಸಾಯಗಾರನ ಕೈಗೆ ಗೊತ್ತಿರುವ ಎರಡು ಕೆಲಸಗಳನ್ನು ಪ್ರಾಸಕ್ಕೆ ಕಟ್ಟಿದ್ದರಿಂದ ಅದು ಅರ್ಥವಾಗಲು ಭಾಷಣ ಬೇಕಾಗಲಿಲ್ಲ.

ಈ ಮೂರು ಸಂದರ್ಭಗಳಲ್ಲಿಯೂ ಎದುರಾಳಿ ಕಣ್ಣಿಗೆ ಕಾಣುತ್ತಿದ್ದನು. ಕೊಡಲಿ ಮರದ ಬುಡಕ್ಕೆ ಬಂದಿದ್ದಿತು. ಸಸಿ ತಮ್ಮ ಹುಲ್ಲುಗಾವಲಿನಲ್ಲಿ ನಿಂತಿದ್ದಿತು. ಒಂದು ದಿನವನ್ನು ಗೊತ್ತುಮಾಡಿ, ಹಾಡಿ, ನಡೆದು, ಕೆಲಸ ಮಾಡಿ ಬರಬಹುದಾಗಿತ್ತು. ಕೆರೆಯ ಸಂಕಟ ಇಂತಹದಲ್ಲ. ಹೂಳು ಕೊಡಲಿಯಂತೆ ಸದ್ದು ಮಾಡುವುದಿಲ್ಲ. ಮಳೆ ಬಂದಾಗಲೆಲ್ಲ ಮೇಲಿನ ಹೊಲಗಳ ಮಣ್ಣು ಒಂದು ಬೆರಳಿನಷ್ಟು ಬಂದು ತಳದಲ್ಲಿ ಕೂಡುತ್ತದೆ. ಒತ್ತುವರಿ ವರ್ಷಕ್ಕೆ ಒಂದು ನೇಗಿಲಸಾಲಿನಷ್ಟು ಒಳಗೆ ಬರುತ್ತದೆ. ಅಲ್ಲಿ ಶತ್ರುವೂ ಹಾಡುವವನೂ ಒಬ್ಬನೇ ಆಗಿರುವುದುಂಟು. ಒಂದು ದಿನದ ಆವೇಶದ ಹಾಡು ಇಲ್ಲಿ ಸಾಲದು.

ಸರ್ಕಾರದ ಇಲಾಖೆಗಳೂ ಸಂಸ್ಥೆಗಳೂ ನಡೆಸುವ ಕಲಾಜಾಥಾಗಳು ಎಡವುವುದು ಈ ಕಾರಣದಿಂದಲೇ. ಜನಪ್ರಿಯವಾದ ಒಂದು ಜಾನಪದ ಮಟ್ಟನ್ನು ತೆಗೆದುಕೊಂಡು, ಅದರ ಮಾತನ್ನು ಕಿತ್ತುಹಾಕಿ, ಇಂಗುಗುಂಡಿಯನ್ನೋ ಮಳೆಕೊಯ್ಲನ್ನೋ ತುಂಬಿಸುತ್ತಾರೆ. ಕೇಳುವವನ ಕಿವಿ ಹಳೆಯ ಮಾತಿನ ಜಾಡಿನಲ್ಲಿಯೇ ಹೋಗುತ್ತದೆ. ಹೊಸ ಮಾತು ನೀರಿನ ಮೇಲಿನ ಎಣ್ಣೆಯಂತೆ ತೇಲುತ್ತದೆ. ಅಲ್ಲದೆ ಈ ಹಾಡುಗಳಲ್ಲಿ 'ಕೆರೆ' ಇರುತ್ತದೆಯೇ ಹೊರತು ಇಂಥ ಕೆರೆ ಎಂದಿರುವುದಿಲ್ಲ. ಒಂದೇ ಹಾಡು ಬೀದರಿಗೂ ಸರಿ, ಚಾಮರಾಜನಗರಕ್ಕೂ ಸರಿ. ಮದಗದ ಹಾಡು ಮದಗವೆಂದು ಹೆಸರು ಹಿಡಿದು ಕರೆಯುತ್ತದೆ, ಬಲ್ಲಾಳನನ್ನು ಏರಿಯ ಮೇಲೆಯೂ ಬೆಸ್ತರ ಹುಡುಗನನ್ನು ನೀರಿನ ಬಳಿಯೂ ನಿಲ್ಲಿಸುತ್ತದೆ ಎಂಬುದನ್ನು ಜಾಥಾದ ಕವಿಗಳು ಗಮನಿಸಿದಂತಿಲ್ಲ. ಈ ತಂಡಗಳಲ್ಲಿ ದುಡಿಯುವ ಕಲಾವಿದರ ಶ್ರಮವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಹಲವರು ದೊಡ್ಡ ಕಂಠದವರು. ದೋಷ ಅವರ ಕೈಗೆ ಕೊಟ್ಟ ಹಾಳೆಯಲ್ಲಿದೆ.

ಹಾಗಾದರೆ ಮರಳಿ ಮರಳಿ ಬರುವ ಕೆಲಸಕ್ಕೆ ನಮ್ಮಲ್ಲಿ ಹಾಡೇ ಇರಲಿಲ್ಲವೇ? ಇದ್ದುವು, ಹೇರಳವಾಗಿದ್ದುವು. ಬೀಸುವ ಪದ, ನಾಟಿಯ ಪದ, ಹಂತಿಯ ಪದ, ಕಪಿಲೆ ಹೊಡೆಯುವವನ ಪದ. ಇವು ಯಾರನ್ನೂ ಕೆಲಸಕ್ಕೆ ಕರೆಯಲು ಹುಟ್ಟಿದ ಹಾಡುಗಳಲ್ಲ. ಕೆಲಸದ ಒಳಗೇ ಹುಟ್ಟಿ, ಅದರ ಉಸಿರಿನ ಅಳತೆಗೆ ಬೆಳೆದವು. ಎತ್ತು ಹಿಂದಕ್ಕೆ ನಡೆಯುವಷ್ಟು ಹೊತ್ತು ಒಂದು ನುಡಿ, ಬಾನಿ ತುಂಬಿ ಮೇಲೆ ಬರುವಷ್ಟು ಹೊತ್ತು ಇನ್ನೊಂದು ನುಡಿ. ಪಂಪುಸೆಟ್ಟು ಬಂದ ಮೇಲೆ ಕಪಿಲೆಯ ಪದ ಹೋಯಿತು. ಅದನ್ನು ಉಳಿಸಲು ನಾವು ಧ್ವನಿಮುದ್ರಣ ಮಾಡಿಕೊಂಡೆವು. ಕೆರೆಯ ಹೂಳನ್ನೂ ಇಂದು ಎತ್ತುವುದು ಜೆಸಿಬಿ ಮತ್ತು ಟಿಪ್ಪರು. ಆ ಯಂತ್ರಕ್ಕೆ ಹಾಡು ಬೇಕಿಲ್ಲ, ಅದರ ಸದ್ದಿನಲ್ಲಿ ಹಾಡು ಕೇಳಿಸುವುದೂ ಇಲ್ಲ. ಗುದ್ದಲಿ ಹಿಡಿದ ಸಾವಿರ ಜನರ ಚಿತ್ರವನ್ನು ಮತ್ತೆ ವೇದಿಕೆಯ ಮೇಲೆ ತಂದು ನಾವು ನಮ್ಮನ್ನೇ ಮೋಸಗೊಳಿಸಿಕೊಳ್ಳಬಾರದು.

ಋತುವಿನ ಹಾಡುಗಳ ಸಂಗತಿ ಬೇರೆ. ಮಳೆ ಹೋದಾಗ ಗುರ್ಜಿಯನ್ನು ಹೊತ್ತು ಮನೆಮನೆಗೆ ಬರುವ ಹಾಡು, ಭಾದ್ರಪದದಲ್ಲಿ ಬುಟ್ಟಿಯಲ್ಲಿ ಜೋಕುಮಾರನನ್ನಿಟ್ಟುಕೊಂಡು ಬರುವ ಹೆಂಗಸರ ಹಾಡು, ಇವು ಪಂಚಾಂಗದೊಡನೆ ತಾವೇ ಬರುತ್ತವೆ. ಯಾರ ಅನುದಾನಕ್ಕೂ ಕಾಯುವುದಿಲ್ಲ. ಪ್ರತಿ ವರ್ಷವೂ, ಪ್ರತಿ ಬಾಗಿಲಿಗೂ, ಅದೇ ಹಾಡು. ಇವುಗಳ ಮೊರೆ ಆಕಾಶದ ಕಡೆಗೇ ಹೊರತು ಏರಿಯ ಕಡೆಗಲ್ಲ ಎಂಬುದು ನಿಜ. ಆದರೆ ಬರುವ ಕ್ರಮವನ್ನು ನಾವು ಇವುಗಳಿಂದ ಕಲಿಯಬಹುದು. ಕೆರೆಯನ್ನು ಕಾಯುವ ಹಾಡು ಉದ್ಘಾಟನೆಗೆ ಬಂದು ಹೋಗುವಂತಹದಾಗಿರದೆ, ಜೋಕುಮಾರನಂತೆ ವರ್ಷವರ್ಷವೂ ಬಾಗಿಲಿಗೆ ಬರುವಂತಹದಾಗಿರಬೇಕು.

ಅದು ಏನನ್ನು ಹೇಳಬೇಕು? ಇಲ್ಲಿ ನಾವು ಮತ್ತೆ ಶಾಸನಕ್ಕೂ ಬೆಸ್ತರ ಹುಡುಗನಿಗೂ ಬರುತ್ತೇವೆ. ಹಿಂದೆ ಊರಿನ ಕೆರೆಗೆ ನೀರುಗಂಟಿಯಿದ್ದನು. ತೂಬು ಅವನ ಕೈಯಲ್ಲಿತ್ತು, ಸುದ್ದಿ ಅವನ ಬಾಯಲ್ಲಿತ್ತು. 1856ರಲ್ಲಿ ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿದ ಮೇಲೆ ದೊಡ್ಡ ಕೆರೆಗಳ ಭಾರ ಮೆಲ್ಲಮೆಲ್ಲನೆ ಕಚೇರಿಗೆ ಹೋಯಿತು; ಅದನ್ನು ಮತ್ತೆ ಊರಿನವರ ಕೈಗೆ ತರಲೆಂದು 1911ರಲ್ಲಿ ಕೆರೆ ಪಂಚಾಯತಿಗಳ ಕಾನೂನನ್ನು ಮಾಡಿದರು. ಕಾನೂನು ಬಂದಿತು, ಅಭ್ಯಾಸ ಹಿಂದಿರುಗಿ ಬರಲಿಲ್ಲ. ಇಂದು ಊರಿನವನಿಗೆ ಉಳಿದಿರುವ ಕೆಲಸ ಮಣ್ಣು ಹೊರುವುದಲ್ಲ, ನೋಡುವುದು ಮತ್ತು ಹೇಳುವುದು: ನಾಲೆಯ ದಂಡೆ ಎಲ್ಲಿ ಕುಸಿದಿದೆ, ಯಾವ ಹಳ್ಳದ ಬಾಯಿ ಮುಚ್ಚಿದೆ, ಎಲ್ಲೆಯ ಕಲ್ಲು ನಿನ್ನೆ ಎಲ್ಲಿತ್ತು, ಇಂದು ಎಲ್ಲಿದೆ. ಸೂಳೆಕೆರೆಯ ಸುತ್ತಳತೆಯನ್ನು ಹಳೆಯ ಗ್ಯಾಸೆಟಿಯರು 40 ಮೈಲಿಯೆಂದು ಬರೆದಿದೆ. ಈಗ ಹೇಳುವ ಲೆಕ್ಕ ಅದರ ಅರ್ಧದಷ್ಟೇ. ಹಳಬರು ಅಳೆದ ರೀತಿಯೇ ಬೇರೆಯಾಗಿದ್ದಿರಬಹುದು. ಏನೇ ಇರಲಿ, ಅಳತೆ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುವ ಕೆರೆಯ ಅಂಚನ್ನು ಒತ್ತುವುದು ಸುಲಭ.

ನಮ್ಮ ದಾನಶಾಸನಗಳಲ್ಲಿ ಚತುಸ್ಸೀಮೆಯನ್ನು ಹೇಳುವ ಭಾಗವನ್ನು ವಿದ್ಯಾರ್ಥಿಗಳು ಬೇಸರದಿಂದ ದಾಟಿಹೋಗುತ್ತಾರೆ. ಮೂಡಲು ಇಂಥ ಹುಣಸೆಯ ಮರ, ತೆಂಕಲು ಇಂಥ ಗುಂಡು, ಪಡುವಲು ಇಂಥ ಹಳ್ಳ, ಬಡಗಲು ಇಂಥವರ ಹೊಲದ ಮೇರೆ ಎಂದು ಸಾಗುವ ಆ ಪಟ್ಟಿಯನ್ನು ಗಟ್ಟಿಯಾಗಿ ಓದಿ ನೋಡಬೇಕು. ಅದಕ್ಕೆ ತನ್ನದೇ ಲಯವಿದೆ. ನಾಲ್ಕು ಜನರ ಕಿವಿಯ ಮೇಲೆ ಬಿದ್ದು ನೆನಪಿನಲ್ಲಿ ನಿಲ್ಲಲು ತಕ್ಕ ಲಯ ಅದು. ಸೂಳೆಕೆರೆಯ ಎಲ್ಲೆಯನ್ನು ಹೀಗೆ ಗುಡ್ಡ, ಹಳ್ಳ, ಊರು, ಕಲ್ಲುಗಳ ಹೆಸರು ಹಿಡಿದು ಹಾಡಾಗಿ ಕಟ್ಟಿದರೆ, ಸಿದ್ಧನಾಲೆಯ ಊರುಗಳ ಭಜನಾ ಮೇಳದವರು ಒಂದು ನುಡಿಯನ್ನೂ ಬಸವನಾಲೆಯ ಊರುಗಳವರು ಅದರ ಮರುನುಡಿಯನ್ನೂ ಹಾಡಬಹುದು. ಕಲ್ಲು ಸರಿದ ವರ್ಷ ಹಾಡು ತಡವರಿಸುತ್ತದೆ. ತಡವರಿಸಿದ್ದು ಎಲ್ಲರಿಗೂ ಕೇಳಿಸುತ್ತದೆ. ಇದನ್ನು ಕಾವ್ಯವೆಂದು ಒಪ್ಪದವರು ಇರಬಹುದು. ಭಾಗೀರಥಿಯ ಹಾಡಿನ ಎದುರು ಇದು ನಿಲ್ಲುವುದೂ ಇಲ್ಲ. ನಿಲ್ಲಬೇಕೆಂದು ನಾವು ಕೇಳುತ್ತಲೂ ಇಲ್ಲ.

ಇಂತಹ ಹಾಡನ್ನು ಕಟ್ಟುವ ಮೊದಲು ಆಗಬೇಕಾದ ಕೆಲಸವೊಂದು ನಮ್ಮ ಕಾಲೇಜುಗಳಿಗೇ ಸೇರಿದ್ದು. ಶಾಂತವ್ವನ ಕಥೆಯನ್ನು ಹೇಳುವವರು, ಹಾಡುವವರು ಕೆರೆಯ ಸುತ್ತಣ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ಪಾಠಗಳನ್ನು ಬರೆದುಕೊಳ್ಳುವಾಗ ನಾವು ಈವರೆಗೆ ಅರಸನ ಹೆಸರನ್ನೂ ಕಾಲವನ್ನೂ ಹುಡುಕಿದ್ದೇವೆ. ಇನ್ನು ಮುಂದೆ ಬರೆದುಕೊಳ್ಳುವವರು ಅದರ ಜೊತೆಗೆ ಊರುಗಳ ಹೆಸರು, ಹಳ್ಳಗಳ ಹೆಸರು, ತೂಬು ಎತ್ತಿದ ಮನೆತನಗಳ ಕಸುಬಿನ ಹೆಸರು, ಹಾಡುವ ತಿಂಗಳು ಮತ್ತು ಹೊತ್ತು, ಇವನ್ನೂ ಕೇಳಿ ಗುರುತುಮಾಡಿಕೊಳ್ಳುವುದು ಒಳ್ಳೆಯದು. ಬೇಸಿಗೆಯ ರಜೆಯಲ್ಲಿ ನೀರು ಇಳಿದು ಹಳೆಯ ಅಂಚು ಹೊರಗೆ ಕಾಣುವಾಗ ಈ ಕೆಲಸವನ್ನು ಹಿಡಿದರೆ, ಹಾಡಿನವರನ್ನು ಕರೆದುಕೊಂಡು ಹೋಗಿ ಅವರು ಹೇಳಿದ ಕಲ್ಲನ್ನು ಅಲ್ಲಿಯೇ ನೋಡಿಬರಬಹುದು.